ಮಾಡದ ಕೊಲೆಯನ್ನು ತಮ್ಮ ಒಪ್ಪಿಕೊಳ್ಳುತ್ತಿದ್ದ

"ಓನರಮ್ಮನ್ನ ನಾನೇ ತಳ್ಳಿದೆ ಅನ್ಸುತ್ತೆ ಅಕ್ಕ. ಅವ್ರ ಬೆನ್ನು ತಣ್ಣಗಿತ್ತು."

ಠಾಣೆಯ ಬೆಂಚಿನ ಮೇಲೆ ಕುಳಿತಿದ್ದ ತಮ್ಮ ಮೆಲ್ಲಗೆ ಹೀಗೆಂದ. ಗಂಗಾನಗರದಲ್ಲಿ ಅವನಿದ್ದ ಬಾಡಿಗೆ ಮನೆಯ ಒಡತಿ ಹಿಂದಿನ ದಿನ ಮಧ್ಯಾಹ್ನ ತಾರಸಿಯಿಂದ ಬಿದ್ದು ತೀರಿಕೊಂಡಿದ್ದರು. ಆ ಹೊತ್ತಿನಲ್ಲಿ ತಮ್ಮ ಹೆಬ್ಬಾಳದ ನಮ್ಮ ಮನೆಯಲ್ಲಿ, ನನ್ನೆದುರೇ ಊಟ ಮಾಡುತ್ತಿದ್ದ!

ನೀರಿನ ವಿಚಾರಕ್ಕೆ ಅವರಿಬ್ಬರಿಗೂ ಜಗಳವಾಗಿತ್ತು ಎಂಬ ಕಾರಣಕ್ಕೆ ಪೊಲೀಸರು ಅವನನ್ನು ಕರೆಸಿದ್ದರು. "ತಪ್ಪು ಮಾಡಿದೋರಿಗೆ ತಾನೆ ವಕೀಲ್ರು ಬೇಕು?" ಎಂದು ಒಬ್ಬನೇ ಹೋಗಿದ್ದ. ಎಷ್ಟು ಹೊತ್ತಾದರೂ ಬಾರದಿದ್ದಾಗ ನಾನು ಬಂದು, ಅವನು ನಮ್ಮ ಮನೆಯಲ್ಲಿದ್ದ ಎಂದರೆ ಪೊಲೀಸರು ಅಕ್ಕನ ಮಾತೆಂದು ತಳ್ಳಿಹಾಕಿದ್ದರು. ಬೆಳಗಿನಿಂದ ಅವರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದ್ದರಿಂದ, ಈಗ ತಮ್ಮ ಆಕೆಯ ಸೀರೆಯ ಬಣ್ಣ, ಬೀಳುವಾಗಿನ ಕೂಗು ಎಲ್ಲವನ್ನೂ ಕಣ್ಣಾರೆ ಕಂಡವನಂತೆ ಹೇಳುತ್ತಿದ್ದ. ದನಿ ಅವನದೇ, ಮಾತು ಬೇರೆ ಯಾರದೋ ಅನ್ನಿಸಿತು.

ಹೊರಗೆ ಓಡಿಬಂದು ಪರಿಚಯದ ವಕೀಲೆಗೆ ಫೋನ್ ಮಾಡಿದೆ. ಅವರು ಬಂದವರೇ ತಮ್ಮನ ಪಕ್ಕ ಕುಳಿತು, "ಇನ್ನು ಒಂದ್ ಮಾತೂ ಆಡ್ಬೇಡಿ. ನೀವ್ ಕಂಡಿದ್ದ್ಯಾವ್ದು, ಪೊಲೀಸ್ನೋರು ಹೇಳಿದ್ದ್ಯಾವ್ದು ಅಂತ ನಿಮ್ಗೇ ಗೊತ್ತಾಗ್ತಿಲ್ಲ" ಎಂದರು. ಯಾವುದಕ್ಕೂ ಸಹಿ ಹಾಕಲು ಬಿಡಲಿಲ್ಲ. ಎದುರು ಮನೆಯ ಕ್ಯಾಮೆರಾ ದೃಶ್ಯ ನೋಡಲೇಬೇಕೆಂದು ಪಟ್ಟು ಹಿಡಿದರು. ಅದರಲ್ಲಿ ಓನರಮ್ಮ ಒಬ್ಬರೇ ಇದ್ದರು. ಒಣಗಿದ ಬಟ್ಟೆ ಎಳೆದುಕೊಳ್ಳಲು ಬಾಗಿ ಆಯತಪ್ಪಿದ್ದರು.

ತಮ್ಮನನ್ನು ಅಂದೇ ಬಿಟ್ಟರು. ಆದರೆ ಈಗಲೂ ಒಮ್ಮೊಮ್ಮೆ ಅವನು, "ಅಕ್ಕ, ಅವತ್ತು ನಾನು ಆ ಟೆರೇಸ್ ಮೇಲೆ ಇರ್ಲಿಲ್ಲ ತಾನೆ?" ಎಂದು ಕೇಳುತ್ತಾನೆ. "ಇಲ್ಲ ಕಣೋ" ಅನ್ನುತ್ತೇನೆ. ಅವನು ಪೂರ್ತಿ ನಂಬಿದಂತೆ ಕಾಣುವುದಿಲ್ಲ.