ತಿಕ್ಕಿ ತೊಳೆದ ಪೈಪಿನ ಜ್ವರ

ಕಳೆದ ವಾರ ಹಂಗಾರಕಟ್ಟೆ ಬಂದರಿನಲ್ಲಿ ನಾನು ಪಿಸ್ತೂಲು ಹಿಡಿದು ಬೋಟು ಹತ್ತಿದೆ.

ಗಾಬರಿ ಬೇಡ. ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಪಿಸ್ತೂಲು ಅದು. ಕೊರೋನಾ ಕಾಲದಲ್ಲಿ ಮದುವೆ ಹಾಲ್ ಬಾಗಿಲಲ್ಲಿ ನಮ್ಮ ಹಣೆಗೆ ಗುರಿ ಇಡುತ್ತಿದ್ದರಲ್ಲ, ಅದರ ಅಣ್ಣ. ಆನ್‌ಲೈನ್‌ನಲ್ಲಿ ತರಿಸಿದ್ದೆ. (ಯಾಕೆ ಎಂದು ಹೆಂಡತಿಯೂ ಕೇಳಿದಳು. ಉತ್ತರ ಇನ್ನೂ ಹುಡುಕುತ್ತಿದ್ದೇನೆ.)

ಬೋಟು ನನ್ನ ಅಕ್ಕನ ಗಂಡ ರಘು ಭಾವನದು. ಮಳೆಗಾಲದ ರಜೆ ಮುಗಿದಿತ್ತು. ಮರುದಿನ ಬೆಳಿಗ್ಗೆ ಏಳು ಜನ ಕಡಲಿಗೆ ಇಳಿಯುವುದೆಂದು ನಿಶ್ಚಯವಾಗಿತ್ತು. ಇಂಜಿನ್ನಿನ ಹೀಟ್ ಮೀಟರ್ ಸತ್ತು ಎರಡು ವರ್ಷ. ಅದನ್ನು ಬದಲಾಯಿಸಲು ಯಾರಿಗೂ ಪುರುಸೊತ್ತಿಲ್ಲ, ಪೂಜೆ ಮಾತ್ರ ಜೋರು! ನಮ್ಮ ಕಡೆ ಪೂಜೆ ಎಂದರೆ ಮೊದಲು ತಿಕ್ಕುವುದು, ಆಮೇಲೆ ಮಂಗಳಾರತಿ. ಅಕ್ಕ ದೀಪ ತಿಕ್ಕಿ ಉಳಿಸಿದ ಹುಣಸೆಹುಳಿಯಲ್ಲೇ ಭಾವ ಇಂಜಿನ್ನಿನ ಹಿತ್ತಾಳೆ ಪೈಪನ್ನೂ ಉಜ್ಜಿ ಫಳಫಳ ಮಾಡಿದ್ದ.

ಪೂಜೆ ಮುಗಿಸಿ ಇಂಜಿನ್ ಅರ್ಧ ಗಂಟೆ ಓಡಿಸಿದರು. ಮೆಕ್ಯಾನಿಕ್ ಶೀನಣ್ಣ ಮೂಗು ಅರಳಿಸಿದ. "ಎಂತದೋ ಸಮ ಇಲ್ಲ. ಇಂಜಿನ್ ಬಿಸಿ ಕಾಯ್ತಾ ಇತ್ತ್."

ನಾನು ಪೈಪಿಗೆ ಗುರಿ ಇಟ್ಟು ಒತ್ತಿದೆ. "ಮೂವತ್ತಾರು ಡಿಗ್ರಿ! ಏನೂ ಆಗಿಲ್ಲ, ಆರಾಮಾಗಿ ಹೋಗಿ."

ಭಾವ ಕುಣಿದ. "ಕಂಡ್ಯಾ ಶೀನಣ್ಣ? ತಣ್ಣಗಿತ್ತ್. ನಾಳೆ ಹೋಪ್ದೇ ಸೈ."

"ಹ್ವಾಯ್, ಸ್ವಲ್ಪ ನಿಲ್ಲಿ," ಶೀನಣ್ಣ ನನ್ನ ಕಡೆ ತಿರುಗಿದ. "ಅಷ್ಟ್ ಹೊಳೆವ ಪೈಪಿನ್ ಬಿಸಿ ಆ ಪಿಸ್ತೂಲಂಗೆ ಕಾಂಬುದಿಲ್ಲ. ಅದ್ ಹೇಳುದ್ ನಿಮ್ ಮೋರೆ ಬಿಸಿ, ಮಾರಾಯ್ರೆ."

ನಾನು ಬಿಎಸ್ಸಿ. ನನಗೇ ಪಾಠವೇ?

ಆತ ಪೈಪಿಗೆ ಕರಿ ಕರೆಂಟ್ ಟೇಪಿನ ತುಂಡೊಂದು ಅಂಟಿಸಿದ. ಬೀಡಿ ಹಚ್ಚಿದ. ಎರಡು ದಮ್ ಎಳೆದು, "ಈಗ ಟೇಪಿಗೆ ಹಿಡೀರಿ ಕಾಂಬ" ಎಂದ.

ತೊಂಬತ್ತೇಳು.

ಅದೇ ಪೈಪು. ಅದೇ ಪಿಸ್ತೂಲು. ಪಕ್ಕದಲ್ಲಿ ಬರೀ ಒಂದು ಇಂಚು ದೂರ! ಹೊಳೆಯುವ ಲೋಹ ತನ್ನ ಬಿಸಿಯನ್ನು ಹೊರಗೆ ಬಿಡುವುದು ತೀರಾ ಕಮ್ಮಿಯಂತೆ. ಎದುರಿಗಿದ್ದವರ ಬಿಸಿಯನ್ನೇ ಕನ್ನಡಿಯಂತೆ ವಾಪಸ್ ಕಳಿಸುತ್ತದಂತೆ. ಕರಿ ಟೇಪಿಗೆ ಆ ನಾಟಕ ಬರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಮನೆಗೆ ಬಂದು ನೋಡಿದರೆ ಪಿಸ್ತೂಲಿನ ಜೊತೆ ಬಂದ ಪುಸ್ತಕದಲ್ಲೂ ಇರುವೆ ಗಾತ್ರದ ಅಕ್ಷರದಲ್ಲಿ ಇದೇ ಇತ್ತು. (ಅದನ್ನೆಲ್ಲ ಓದುವವರು ಯಾರು ಸ್ವಾಮಿ?)

ಮನುಷ್ಯರ ವಿಷಯದಲ್ಲೂ ನಮ್ಮದು ಇದೇ ಕತೆ ಅಲ್ಲವೇ? ಇಸ್ತ್ರಿ ಅಂಗಿ, ನಗುಮುಖ ಕಂಡರೆ "ಭಾರೀ ಕೂಲ್ ಜನ" ಎಂದು ಸರ್ಟಿಫಿಕೇಟ್ ಕೊಟ್ಟು ಮುಂದೆ ಹೋಗುತ್ತೇವೆ. ಒಳಗೆ ಏನು ಕುದಿಯುತ್ತಿದೆಯೋ, ಯಾರಿಗೆ ಗೊತ್ತು?

ಶೀನಣ್ಣ ನೀರಿನ ಪಂಪು ಬಿಚ್ಚಿದ. ಒಳಗೆ ಹಿಡಿ ಮರಳು, ಚಿಪ್ಪಿನ ಚೂರು. ಇಂಜಿನ್ನಿಗೆ ತಣ್ಣೀರು ಹೋಗುತ್ತಲೇ ಇರಲಿಲ್ಲ. "ನಡು ಕಡಲಂಗೆ ಜಾಮ್ ಆತಿತ್ತ್," ಎಂದಷ್ಟೇ ಹೇಳಿದ. ಭಾವ ಆ ಮರಳನ್ನು ಅಂಗೈಗೆ ಸುರಿದುಕೊಂಡು ನೋಡಿದ. ನಾನು ಪಿಸ್ತೂಲನ್ನು ಮೆಲ್ಲಗೆ ಚೀಲಕ್ಕೆ ಹಾಕಿದೆ.

ಆರತಿ ತಟ್ಟೆ ಹಿಡಿದು ನಿಂತಿದ್ದ ಅಕ್ಕ ನನ್ನನ್ನೇ ನೋಡಿದಳು.

"ಆರಾಮಾಗಿ ಹೋಗಿ ಅಂದ್ಯಲ್ಲ ತಮ್ಮಾ, ನಾಳೆ ಅದೇ ಬೋಟಂಗೆ ನೀನೂ ಹೋತಿದ್ಯಾ?"