ಸಹಿಯ ಮುಂದಿನ ಶ್ರೀಕಾರ

ಅಣ್ಣನಿಗೆ ಕಣ್ಣು ಕಾಣುವುದಿಲ್ಲ. ಚಿಂಚೋಳಿಯ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಾನೆ. ಅವನ ಕಂಪ್ಯೂಟರಿನಲ್ಲಿರುವುದು ಬರೀ ಅಕ್ಷರಗಳ ಮೇಲ್ ಪ್ರೋಗ್ರಾಂ, ಚಿತ್ರವಿಲ್ಲ, ಬಣ್ಣವಿಲ್ಲ. ಒಂದು ದನಿ ಸಾಲು ಸಾಲಾಗಿ ಓದಿ ಹೇಳುತ್ತದೆ. ನನ್ನ ಕೈಬರಹ ನೋಡಿ ಗುರುತಿಸುವ ಹಾಗಿಲ್ಲವಲ್ಲ, ಅದಕ್ಕೇ ಸೇಡಂನಿಂದ ನಾನು ಬರೆಯುವ ಪ್ರತಿ ಮೇಲ್‌ಗೂ ಡಿಜಿಟಲ್ ಸಹಿ, ಬರೆದವನು ನಾನೇ ಎಂದು ಅವನ ಪ್ರೋಗ್ರಾಂ ತಾಳೆ ನೋಡುವ ಗುರುತು. ಸಹಿ ಇಲ್ಲದ್ದನ್ನು ನಂಬಬಾರದೆಂದು ಮಾತಾಡಿಕೊಂಡಿದ್ದೆವು.

ಸಹಿ ತಾಳೆಯಾದಾಗಲೆಲ್ಲ ಪತ್ರದ ತಲೆಯಲ್ಲಿ ಇಂಗ್ಲಿಷಿನ ಉದ್ದನೆಯ ಸಾಲು, ಅದರ ಬೆನ್ನಿಗೆ ಅಂಕಿಗಳು. ಆ ದನಿಗೆ ದಯೆ ದಾಕ್ಷಿಣ್ಯ ಒಂದೂ ಇಲ್ಲ, ಪೂರ್ತಿ ಓದುತ್ತಿತ್ತು.

“ಕೇಳಿ ಕೇಳಿ ತಲಿ ಚಿಟ್ಟು ಹಿಡದದ. ಏನರ ಮಾಡೋ,” ಎಂದ ಅಣ್ಣ.

ಒಂದು ಭಾನುವಾರ ಚಿಂಚೋಳಿಗೆ ಹೋಗಿ ಅವನ ಪ್ರೋಗ್ರಾಮಿನ ಸೆಟ್ಟಿಂಗ್ ತೆರೆದು ಕೂತೆ. ಆ ಸಾಲನ್ನು ಅಳಿಸಿ ‘ತಮ್ಮನ ಸಹಿ ಸರಿ’ ಎಂದಿಟ್ಟಿದ್ದರೆ ಸಾಕಿತ್ತು. ಆದರೆ ನಮ್ಮದು ದೇವಸ್ಥಾನದ ಪೂಜೆಯ ಮನೆತನ, ಶ್ರೀಕಾರವಿಲ್ಲದೆ ಒಂದು ಚೀಟಿಯನ್ನೂ ಬರೆದವರಲ್ಲ. ‘ಶ್ರೀ. ತಮ್ಮನ ಸಹಿ ಸರಿ’ ಎಂದು ಬರೆದೆ. ಅಣ್ಣ ಕೇಳಿ ನಕ್ಕ.

“ಈಗ ಮನೀ ಪತ್ರ ಅನಸ್ತದ ನೋಡು.”

ಸೇಡಂನ ಮನೆಯಲ್ಲಿ ಅವ್ವ ತೀರಿಕೊಂಡ ಬೆಳಿಗ್ಗೆ ಅಣ್ಣನ ಫೋನ್ ಬಂದ್ ಇತ್ತು. ಪಾಠದ ಹೊತ್ತಿಗೆ ಅವನು ಯಾವಾಗಲೂ ಹಾಗೆಯೇ. ‘ಅವ್ವ ಹೋದಳು, ಕೂಡಲೇ ಬಾ’ ಎಂದು ಮೇಲ್ ಬರೆದೆ. ಸಹಿ ಹಾಕಬೇಕೆನ್ನುವಾಗ ಕೈ ನಿಂತಿತು. ಸಾವಿನ ಪತ್ರಕ್ಕೆ ನಮ್ಮಲ್ಲಿ ಶ್ರೀಕಾರ ಹಾಕುವುದಿಲ್ಲ. ಸಹಿ ಹಾಕಿದರೆ ಅಲ್ಲಿ ಮೊದಲು ಕೇಳಿಸುವುದೇ ಶ್ರೀ. ಮನಸ್ಸು ಒಪ್ಪಲಿಲ್ಲ. ಸಹಿ ಬಿಟ್ಟು ಕಳಿಸಿದೆ.

ಚಿಂಚೋಳಿ ಬಸ್ಸಿನ ಹೊತ್ತಿಗೆ ಸೇಡಂ ಸ್ಟ್ಯಾಂಡಿಗೆ ಹೋಗಿ ಅಣ್ಣನನ್ನು ಕೂಗಿದೆ. ಬಸ್ಸಿಳಿದವನು ನನ್ನ ದನಿ ಹಿಡಿದು ಹತ್ತಿರ ಬಂದ.

“ಸಹಿ ಇರಲಿಲ್ಲಲ್ಲೋ. ಯಾರೋ ಸುಳ್ಳು ಬರದಾರ ಅಂತ ದಾರೀ ತುಂಬಾ ಅಂದ್ಕೋತ ಬಂದೆ.”

“ಫೋನ್ ಮಾಡಿ ಕೇಳಬೇಕಿತ್ತಲ್ಲ ಅಣ್ಣಾ?”

“ಮಾಡಿದ್ರ ನೀ ಖರೇ ಅಂತಿದ್ದಿ.”

ನನ್ನ ಮೇಲೆ ನನಗೇ ಭಯಂಕರ ಸಿಟ್ಟು ಬಂತು. ಅವನ ಆ ದಾರಿಯ ಮೇಲೆ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ. ಅಷ್ಟು ದೂರ ಅವನ ಪಾಲಿಗೆ ಅವ್ವ ಇದ್ದಳು.

ಮನೆಗೆ ಕರೆತಂದು ಅವ್ವನ ಕಾಲ ಬಳಿ ಕೂರಿಸಿದೆ. ಅವಳ ಪಾದದ ಮೇಲೆ ಕೈಯಿಟ್ಟ, ಬಹಳ ಹೊತ್ತು ತೆಗೆಯಲಿಲ್ಲ.

“ಹೌದು,” ಎಂದ. “ಆ ಪತ್ರ ನೀನೇ ಬರದಿದ್ದಿ.”