ರುಚಿ ನೋಡಿ ಹಾಕುತ್ತಿದ್ದ ರಹಮತ್ ಭಾಯ್

ಮಗಳಿಗೆ ಹಾಕುವ ಗಂಜಿಯನ್ನು ರಹಮತ್ ಭಾಯ್ ಮೊದಲು ತಾವು ರುಚಿ ನೋಡುತ್ತಿದ್ದರು. ಇದರಲ್ಲೇನು ವಿಶೇಷ ಅನ್ನಬಹುದು. ಆ ಗಂಜಿ ಮಗಳ ಬಾಯಿಗೆ ಹೋಗುತ್ತಲೇ ಇರಲಿಲ್ಲ. ಡಾಕ್ಟರು ಹೊಟ್ಟೆಯ ಮೇಲೆ ಕೂರಿಸಿದ್ದ ಸಣ್ಣ ಟ್ಯೂಬಿನಿಂದ ನೇರವಾಗಿ ಒಳಗಿಳಿಯುತ್ತಿತ್ತು. ಆದರೂ ಅವರು ಒಂದು ಚಮಚ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಉಪ್ಪು ಸಾಕೋ ಇನ್ನೂ ಬೇಕೋ ಎಂದು ಯೋಚಿಸಿ, ಆಮೇಲೇ ಸಿರಿಂಜಿಗೆ ಸುರಿಯುತ್ತಿದ್ದರು. ಒಂದು ಹನಿಯನ್ನು ಮಗಳ ತುಟಿಗೂ ಸವರುತ್ತಿದ್ದರು.

"ನಾಲಿಗೆಗೇ ತಾಗದ ಮೇಲೆ ರುಚಿ ಕಟ್ಕೊಂಡು ಏನ್ರೀ ಮಾಡ್ತೀರಿ?" ಎಂದು ಮೊದಲ ಸಲ ಕೇಳಿದ್ದೆ.

"ತೇಗು ಬರುತ್ತಲ್ಲ ಮೇಡಂ, ಆವಾಗ ಗೊತ್ತಾಗುತ್ತೆ ಅವಳಿಗೆ. ಏಲಕ್ಕಿ ಹಾಕಿದ ದಿನ ತೇಗಿ ನಗ್ತಾಳೆ."

ನಾನು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಡಯಟೀಷಿಯನ್. ಯಾರಿಗೆ ಏನು, ಎಷ್ಟು, ಎಷ್ಟು ಹೊತ್ತಿಗೆ ಎಂದು ಬರೆದುಕೊಡುವುದೇ ನನ್ನ ಕಸುಬು. ತೇಗಿನಲ್ಲಿ ರುಚಿ ಇರುತ್ತದೆ ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಇದ್ದರೂ ನಾನು ಗಮನಿಸುತ್ತಿದ್ದೆನೋ ಇಲ್ಲವೋ. ನನ್ನ ಬಾಯಿ ಸ್ವಲ್ಪ ಜೋರು, ಕಿವಿ ಸ್ವಲ್ಪ ಕಮ್ಮಿ ಎಂದು ನಮ್ಮ ಮನೆಯವರೇ ಹೇಳುತ್ತಾರೆ. ಅದನ್ನು ತಮಾಷೆ ಅಂದುಕೊಂಡಿದ್ದೆ.

ಭಾಯ್ ಭದ್ರಾವತಿಯವರು. ನ್ಯೂ ಟೌನ್ ಕಡೆ ಹೋಗುವ ರಸ್ತೆಯಲ್ಲಿ ಬೈಕ್ ರಿಪೇರಿ ಅಂಗಡಿ, ಅದರ ಹಿಂದೆಯೇ ಎರಡು ಕೋಣೆಯ ಮನೆ. ಮಗಳು ನಾಜಿಯಾಗೆ ಆಗ ಏಳು ವರ್ಷ, ಕರೆಯುತ್ತಿದ್ದದ್ದು ನಾಜು ಎಂದು. ಹುಟ್ಟುವಾಗ ಉಸಿರಾಟ ತಡವಾಗಿ ಮೆದುಳಿಗೆ ಪೆಟ್ಟಾಗಿತ್ತು, ಸೆರೆಬ್ರಲ್ ಪಾಲ್ಸಿ. ಕೈಕಾಲು ಸದಾ ಬಿಗಿ. ನುಂಗಿದ್ದು ಶ್ವಾಸಕೋಶಕ್ಕೆ ಹೋಗಿ ಮೂರು ಸಲ ನ್ಯುಮೋನಿಯಾ ಆದ ಮೇಲೆ ಹೊಟ್ಟೆಗೆ ಟ್ಯೂಬ್ ಹಾಕಿದ್ದರು. ಹೆಂಡತಿ ಶಬಾನಾಗೆ ಟ್ಯೂಬ್ ಕಂಡರೆ ಕೈ ನಡುಗುತ್ತಿತ್ತು. ಹಾಗಾಗಿ ದಿನಕ್ಕೆ ಆರು ಸಲ, ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಭಾಯ್ ತಾವೇ ಹಾಕುತ್ತಿದ್ದರು. ಮೊಳಕೆ ರಾಗಿ ಹಿಟ್ಟು, ಬೇಯಿಸಿದ ಮೊಟ್ಟೆ, ಎಣ್ಣೆ, ಬಾಳೆಹಣ್ಣು, ಎಲ್ಲವನ್ನೂ ಮಿಕ್ಸಿಗೆ ಹಾಕಿ ಜರಡಿಯಲ್ಲಿ ಸೋಸುವುದು. ಹಾಕುವ ಮೊದಲೂ ಆಮೇಲೂ ಟ್ಯೂಬಿಗೆ ನೀರು ಬಿಡುವುದು. ಅದನ್ನು ನಾನು ಹೇಳಿಕೊಡಬೇಕಾಗಲೇ ಇಲ್ಲ.

"ಕಾರ್ಬ್ಯುರೇಟರ್ ಜೆಟ್ ಇದ್ದಂಗೆ ಇದು ಮೇಡಂ. ಒಂದು ಕಾಳು ಕಸ ಕೂತ್ರೂ ಗಾಡಿ ನಿಂತುಬಿಡುತ್ತೆ," ಅನ್ನುತ್ತಿದ್ದರು. ಮೂರು ವರ್ಷದಲ್ಲಿ ಒಮ್ಮೆಯೂ ಅವರ ಕೈಯಲ್ಲಿ ಟ್ಯೂಬ್ ಕಟ್ಟಿಕೊಳ್ಳಲಿಲ್ಲ. ಹಾಕಿಯಾದ ಮೇಲೆ ಅರ್ಧ ಗಂಟೆ ಮಗಳನ್ನು ಎದೆಗೆ ಒರಗಿಸಿ ಕೂರಿಸಿಕೊಂಡು, "ಪೇಟ್ ಭರ್ ಗಯಾ ಬೇಟಾ?" ಎಂದು, ಹೊಟ್ಟೆ ತುಂಬಿತಾ ಅಂತ, ಕೇಳುವರು. ಅವಳು ಕಣ್ಣು ಮೇಲೆತ್ತಿದರೆ ಹೂಂ ಎಂದು ಅರ್ಥ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಎಷ್ಟು ಹೊತ್ತು ಗಂಜಿಯ ವಿಷಯ ಹೇಳುತ್ತಾ ಕೂರಲಿ.

ನಿಲ್ಲಲಾಗದ ಮಗುವನ್ನು ತೂಗುವ ಪದ್ಧತಿ ಸುಲಭದ್ದು. ಎತ್ತಿಕೊಂಡವರನ್ನು ಮಗುವಿನ ಸಮೇತ ಮಿಷನ್ ಮೇಲೆ ನಿಲ್ಲಿಸಬೇಕು, ಆಮೇಲೆ ಅವರೊಬ್ಬರನ್ನೇ ನಿಲ್ಲಿಸಬೇಕು, ಒಂದರಿಂದ ಒಂದು ಕಳೆದರೆ ಮಗುವಿನ ತೂಕ. ಮೊದಲ ಸಲ ಹಾಗೇ ಮಾಡಿದ್ದೆ. ಭಾಯ್ ಅರವತ್ತಾರು ಕೆ.ಜಿ. ಆದರೆ ನಾಜುವನ್ನು ಬೇರೆಯವರ ಕೈಗೆ ಕೊಟ್ಟರೆ ಮೈ ಸೆಟೆದುಕೊಂಡು ಅಳುತ್ತಿದ್ದಳು, ಹೊರಗೆ ಸಾಲು ಬೆಳೆಯುತ್ತಿತ್ತು. ದೊಡ್ಡವರ ತೂಕ ತಿಂಗಳಿಗೊಮ್ಮೆ ಎಲ್ಲಿ ಬದಲಾಗುತ್ತದೆ ಎಂದು ನಾನು ಆ ಅರವತ್ತಾರನ್ನೇ ಪ್ರತಿ ಸಲ ಕಳೆಯುತ್ತಾ ಹೋದೆ.

ಹೋದ ವರ್ಷ ಆ ಲೆಕ್ಕದಲ್ಲಿ ನಾಜು ಇಳಿಯತೊಡಗಿದಳು. ಹನ್ನೆರಡು ಇದ್ದವಳು ಹತ್ತೂವರೆ ಆದಳು. ಗಂಜಿ ಹೆಚ್ಚಿಸಿ ಬರೆದುಕೊಟ್ಟೆ. ಮುಂದಿನ ತಿಂಗಳು ಒಂಬತ್ತು. ನನಗೆ ಪಿತ್ತ ನೆತ್ತಿಗೇರಿತು.

"ಮಾಡಿದ್ದೆಲ್ಲಾ ಅವಳಿಗೇ ಹೋಗುತ್ತಾ, ಇಲ್ವಾ?" ಎಂದೆ.

"ಅವಳಿಗೇ ಮೇಡಂ. ಪಾತ್ರೇಲಿ ಉಳಿದಿದ್ದು ಒಂದು ಲೋಟ ನಾನು ಕುಡೀತೀನಿ ಅಷ್ಟೆ. ನನಗೆ ಈ ನಡುವೆ ಅನ್ನ..."

ಅನ್ನ ಏನಾಗಿದೆ ಎಂದು ನಾನು ಕೇಳಲಿಲ್ಲ. "ಮಗಳ ಪಾಲಿನದನ್ನ ನೀವು ಕುಡಿದ್ರೆ ಅವಳು ಇಳಿಯದೆ ಇನ್ನೇನ್ರೀ ಆಗ್ತಾಳೆ? ನಾಚಿಕೆ ಆಗಲ್ವಾ ನಿಮಗೆ?" ಎಂದುಬಿಟ್ಟೆ. ಬಾಗಿಲು ತೆರೆದೇ ಇತ್ತು. ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಮಾತು ನಿಲ್ಲಿಸಿ ಒಳಗೆ ನೋಡಿದರು. ಭಾಯ್ ತೋಳಿನ ಮೇಲಿದ್ದ ಟವೆಲಿನಿಂದ ನಾಜುವಿನ ಗಲ್ಲ ಒರೆಸಿದರು.

"ತಪ್ಪಾಯ್ತು ಮೇಡಂ. ಇನ್ಮೇಲೆ ಕುಡಿಯಲ್ಲ."

ಆ ದಿನ ಗಂಜಿಯನ್ನು ಇನ್ನೂ ಹೆಚ್ಚಿಸಿದೆ. ವಾರದಲ್ಲಿ ಭಾಯ್ ಫೋನು ಮಾಡಿ, ನಾಜು ವಾಂತಿ ಮಾಡ್ತಿದ್ದಾಳೆ ಎಂದರು. ಅವರ ದನಿ ಬಹಳ ಸಣ್ಣಗಾಗಿತ್ತು. ಬೈದಿದ್ದಕ್ಕೆ ಬೇಜಾರು ಇರಬೇಕು ಅಂದುಕೊಂಡೆ. ನಿಧಾನವಾಗಿ ಹಾಕಿ, ಕಮ್ಮಿ ಮಾತ್ರ ಮಾಡಬೇಡಿ ಎಂದೆ.

ಮುಂದಿನ ತಿಂಗಳು ಮಗುವನ್ನು ಎತ್ತಿಕೊಂಡು ಬಂದವಳು ಶಬಾನಾ. ಅವಳ ತೂಕ ನಮ್ಮ ಫೈಲಿನಲ್ಲಿ ಇರಲಿಲ್ಲವಾದ್ದರಿಂದ ನರ್ಸ್ ಗಿರಿಜಕ್ಕ ಅವಳನ್ನು ಬೇರೆಯಾಗಿ ತೂಗಿದರು. ಕಳೆದು ನೋಡಿದರೆ ನಾಜು ಹದಿನಾಲ್ಕೂವರೆ.

"ಮಿಷನ್ ಕೆಟ್ಟಿದೆ," ಎಂದೆ ನಾನು.

ಗಿರಿಜಕ್ಕ ತಾವೇ ಹತ್ತಿ ನಿಂತು ನೋಡಿದರು. "ಮಿಷನ್ ಸರಿ ಇದೆ ಕಣಮ್ಮ. ನನ್ನ ತೂಕ ನನಗೆ ಗೊತ್ತಿಲ್ವಾ?"

ಆಗ ನಾನು ಮಗುವಿನ ಕಡೆ ನೋಡಿದೆ. ಕೆನ್ನೆ ತುಂಬಿತ್ತು, ತೋಳು ದುಂಡಗಿತ್ತು. ಇಷ್ಟು ತಿಂಗಳು ಕಣ್ಣೆದುರಿಗಿದ್ದ ಹುಡುಗಿಯನ್ನು ಬಿಟ್ಟು ನನ್ನ ಲೆಕ್ಕವನ್ನೇ ನಂಬಿದ್ದೆ. ಫೈಲು ತೆರೆದರೆ ಪ್ರತಿ ಪುಟದಲ್ಲೂ ನನ್ನದೇ ಅಕ್ಷರದಲ್ಲಿ ಅದೇ ಅರವತ್ತಾರು. ನಾಜು ಇಳಿದಿರಲಿಲ್ಲ. ಅವಳನ್ನು ಎತ್ತಿಕೊಂಡಿದ್ದವರು ಇಳಿಯುತ್ತಿದ್ದರು.

"ಭಾಯ್ ಯಾಕೆ ಬರಲಿಲ್ಲ?" ಎಂದು ಕೇಳಿದೆ.

"ಅವರಿಗೆ ಈಗ ನೀರೂ ಸರಿಯಾಗಿ ಇಳೀತಿಲ್ಲ ಮೇಡಂ. ಅನ್ನ ಬಿಟ್ಟು ತುಂಬಾ ದಿನ ಆಯ್ತು, ಎದೇಲೇ ನಿಲ್ಲುತ್ತೆ ಅಂತಾರೆ. ನಾಜು ಗಂಜಿ ಒಂದು ಇಳೀತಿತ್ತು, ಹೋದ ತಿಂಗಳಿಂದ ಅದನ್ನೂ ಬಿಟ್ರು. ಬೇರೆ ಮಾಡಿಕೊಡ್ತೀನಿ ಅಂದ್ರೂ ಕೇಳಲ್ಲ. ಮೇಡಂಗೆ ಮಾತು ಕೊಟ್ಟಿದ್ದೀನಿ ಅಂತಾರೆ."

ಮರುದಿನವೇ ಅವರನ್ನು ಕರೆಸಿ ಡಾಕ್ಟರಿಗೆ ತೋರಿಸಿದೆ. ಅನ್ನನಾಳದಲ್ಲಿ ಗಡ್ಡೆ. ಆಗಲೇ ದೂರ ಹಬ್ಬಿತ್ತು. ಎರಡು ತಿಂಗಳು ಮೊದಲೇ ಗೊತ್ತಾಗಿದ್ದರೆ ಎಂದು ಡಾಕ್ಟರನ್ನು ಒಬ್ಬರೇ ಸಿಕ್ಕಾಗ ಕೇಳಿದೆ. "ಹೇಳೋಕಾಗಲ್ಲ," ಎಂದರು. ಉಳಿಯುತ್ತಿದ್ದರು ಎಂದಿದ್ದರೆ ಅತ್ತು ಮುಗಿಸುತ್ತಿದ್ದೆ, ಉಳಿಯುತ್ತಿರಲಿಲ್ಲ ಎಂದಿದ್ದರೆ ನಿದ್ದೆಯಾದರೂ ಬರುತ್ತಿತ್ತು. ನುಂಗಲಾಗದವರಿಗೆ ಊಟ ಹೇಳಿಕೊಡುವುದೇ ನನ್ನ ಕೆಲಸ. ನುಂಗಲಾಗದ ಮನುಷ್ಯನೊಬ್ಬ ಎದುರಿಗೆ ನಿಂತು ಹೇಳಲು ಬಾಯಿ ತೆರೆದರೆ ಬಾಯಿ ಮುಚ್ಚಿಸಿ ಕಳಿಸಿದ್ದೆ.

ಕೊನೆಯ ಸಲ ಅವರನ್ನು ನೋಡಿದ್ದು ಭದ್ರಾವತಿಯಲ್ಲಿ, ಅವರ ಮನೆಯಲ್ಲಿ. ಬಸ್ಸಿನಲ್ಲಿ ಇಡೀ ದಾರಿ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅಂಗಡಿಯ ಶಟರ್ ಎಳೆದಿತ್ತು. ಒಳಗೆ ಒಂದೇ ಮಂಚದ ಮೇಲೆ ಅಪ್ಪ ಮಗಳು. ಭಾಯ್‌ಗೆ ಮೂಗಿನಿಂದ ಟ್ಯೂಬ್ ಹಾಕಿದ್ದರು.

"ಬನ್ನಿ ಮೇಡಂ. ಈಗ ನಾನೂ ನಾಜೂ ಒಂದೇ ಕಂಪನಿ ಗಾಡಿ," ಎಂದರು.

ಶಬಾನಾ ಗಂಜಿ ತಂದಳು. ಒಂದು ಚಮಚ ಬಾಯಿಗೆ ಹಾಕಿಕೊಂಡು, ಯೋಚಿಸಿ, ಒಳಗೆ ಹೋಗಿ ಉಪ್ಪು ಬೆರೆಸಿಕೊಂಡು ಬಂದಳು. ಮೊದಲು ಮಗಳಿಗೆ, ಆಮೇಲೆ ಗಂಡನಿಗೆ ಹಾಕಿದಳು. ಕೈ ನಡುಗಲಿಲ್ಲ.

ಬಾಯಿಪಾಠ ಮಾಡಿದ್ದೊಂದೂ ನೆನಪಾಗಲಿಲ್ಲ. ತೂಕದ ಲೆಕ್ಕ ತಪ್ಪಿದ್ದು ನಾನು, ಬೈದದ್ದು ನಿಮಗೆ, ನಿಮ್ಮ ಮಾತು ಪೂರ್ತಿ ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು ಎಂದು ಹೇಗೋ ಹೇಳಿ ಮುಗಿಸಿದೆ. ಏನು ಬೈದರೂ ತಲೆ ತಗ್ಗಿಸಿ ಕೇಳುವುದೆಂದು ಕೂತಿದ್ದೆ.

"ಅಂದ್ರೆ ನಾಜು ಇಳಿದೇ ಇರಲಿಲ್ವಾ ಮೇಡಂ?"

"ಇಲ್ಲ. ಪ್ರತಿ ತಿಂಗಳೂ ಏರ್ತಾನೇ ಇದ್ಲು."

"ನಾನು ಹಾಕಿದ್ದು ಸರಿ ಇತ್ತಾ?"

"ಸರಿ ಇತ್ತು ರಹಮತ್ ಭಾಯ್. ಎಲ್ಲಾ ಸರಿ ಇತ್ತು."

ಅವರ ಕಣ್ಣು ತುಂಬಿತು. "ಶಬಾನಾ, ಕೇಳಿದ್ಯಾ? ಮೇಡಂ ಸರಿ ಇತ್ತು ಅಂತಿದ್ದಾರೆ," ಎಂದು ಪಾತ್ರೆ ತೊಳೆಯಲು ಒಳಗೆ ಹೋಗಿದ್ದ ಹೆಂಡತಿಗೆ ಕೂಗಿ ಹೇಳಲು ನೋಡಿದರು. ದನಿ ಅಷ್ಟು ದೂರ ಹೋಗಲಿಲ್ಲ. ನಾನೇ ಎದ್ದು ಅಡುಗೆಮನೆಗೆ ಹೋಗಿ ಹೇಳಿದೆ. ತಮ್ಮ ಜೀವ ಹೋಗುತ್ತಿದ್ದದ್ದು ಅವರಿಗೆ ದೊಡ್ಡದಾಗಿರಲಿಲ್ಲ. ಮಗಳನ್ನು ಹಸಿವಿನಲ್ಲಿಟ್ಟೆನೇನೋ ಎಂದು ಆ ತಿಂಗಳುಗಳನ್ನೆಲ್ಲ ಕೊರಗಿ ಕಳೆದಿದ್ದರು. ಆ ಕೊರಗನ್ನು ಕೊಟ್ಟವಳು ನಾನು. ಅವರು ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹದಿನೆಂಟು ದಿನಕ್ಕೆ ಅವರು ಹೋದರು.

ಈಗ ನಾಜುವನ್ನು ಶಬಾನಾ ಕರೆತರುತ್ತಾಳೆ. ಮಗು ಎಷ್ಟೇ ಅಳಲಿ, ಗಿರಿಜಕ್ಕನ ಕೈಗೆ ಕೊಡಿಸಿ ತಾಯಿಯೊಬ್ಬಳನ್ನೇ ಮಿಷನ್ ಮೇಲೆ ನಿಲ್ಲಿಸುತ್ತೇನೆ. "ನನ್ನ ತೂಕ ಯಾಕೆ ಮೇಡಂ ಪ್ರತಿ ಸಲ?" ಎಂದು ಒಮ್ಮೆ ಕೇಳಿದಳು. ಚಪ್ಪಲಿ ಬಿಟ್ಟು ಹತ್ತು ಎಂದೆ.

"ಬೆಳಿಗ್ಗೆ ಏನು ತಿಂದೆ ಶಬಾನಾ?" ಎಂದು ಕೇಳುತ್ತೇನೆ. ಹೊರಗೆ ಸಾಲು ಎಷ್ಟೇ ಉದ್ದವಿರಲಿ, ಅವಳು ಹೇಳಿ ಮುಗಿಸುವವರೆಗೆ ಪೆನ್ನು ಕೈಗೆತ್ತಿಕೊಳ್ಳುವುದಿಲ್ಲ.